ಕಿತ್ತ ತರಕಾರಿಯೂ ಉಸಿರಾಡುತ್ತದೆ

ತಾಂಡೂರು ಪೇಟೆಯಿಂದ ಯಾಲಾಲ್‌ಗೆ ತಂದ ತರಕಾರಿಯನ್ನು ಪ್ಲಾಸ್ಟಿಕ್ ಚೀಲದಲ್ಲೇ ಕಟ್ಟಿಟ್ಟರೆ ಬೇಗ ಕೆಡುವುದೇಕೆ? ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ. ತೇವ, ಶಾಖ ಹೊರಬಿಡುತ್ತದೆ. ಚೀಲದೊಳಗೆ ತೇವ ಹನಿಗಟ್ಟಿ ಸೊಪ್ಪು, ಟೊಮೆಟೊ ಕೊಳೆಯುತ್ತವೆ. ದೊಡ್ಡ ಅಂಗಡಿಗಳ ಪೊಟ್ಟಣಗಳಿಗೆ ಸಣ್ಣ ತೂತುಗಳಿರುವುದು ಇದಕ್ಕೇ. ಸೌತೆಕಾಯಿಗಾದರೋ ಬಾಡದಿರಲೆಂದು ತೆಳು ಹಾಳೆ ಸುತ್ತುತ್ತಾರೆ.

ಪಾರದರ್ಶಕ ಪೊಟ್ಟಣದಲ್ಲಿ ಬೆಳಕು ತಗಲಿದ ಆಲೂಗಡ್ಡೆ ಹಸಿರಾಗುತ್ತದೆ. ಅದರಲ್ಲಿ ಸೊಲನಿನ್ ಎಂಬ ವಿಷ ಹೆಚ್ಚಿರಬಹುದು, ಬೇಯಿಸಿದರೂ ಹೋಗದು. ಬಹಳ ಹಸಿರಾದದ್ದನ್ನು, ಕಹಿಯಾದದ್ದನ್ನು ನಾವೂ ತಿನ್ನಬಾರದು, ದನಕ್ಕೂ ಹಾಕಬಾರದು.

ಸಿಪ್ಪೆಯನ್ನು ಚೀಲದಲ್ಲಿ ಕಟ್ಟಿ ಎಸೆದರೆ ದನ ಚೀಲಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗದೆ ಗಂಟಾಗಿ, ದನ ಸಾಯಲೂಬಹುದು. 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಕೈಚೀಲಗಳಿಗೆ 2022ರ ಡಿಸೆಂಬರ್ 31ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಸಂತೆಗೆ ಬಟ್ಟೆ ಚೀಲ ಒಯ್ಯೋಣ. ಸಿಪ್ಪೆಯನ್ನು ಬಿಡಿಯಾಗಿ ಗೊಬ್ಬರದ ಗುಂಡಿಗೆ ಹಾಕೋಣ.