ಕಾದಿದ್ದಕ್ಕೆ ಬಿದ್ದ ಬೆಲೆ

ಎಕರೆಗೆ 12 ಲಕ್ಷ ಇದ್ದಾಗ ಬಿಟ್ಟು, 20 ಲಕ್ಷ ಆದಮೇಲೆ ಹೊಲ ಕೊಂಡವನು ಎಂದು ನಮ್ಮೂರ ಕಟ್ಟೆಯ ಮೇಲೆ ನನಗೊಂದು ಹೆಸರಿದೆ. 2017ರಲ್ಲಿ ನಾನು ಮಸ್ಕತ್‌ನಲ್ಲಿದ್ದೆ. ಕೃಷ್ಣಾ ಸ್ಟೇಷನ್ನಿಗೆ ಹತ್ತಿರದಲ್ಲೇ ಐದು ಎಕರೆ ನೀರಾವರಿ ಹೊಲ ಮಾರಾಟಕ್ಕೆ ಬಂದಿತ್ತು. ತಮ್ಮ ಫೋನ್ ಮಾಡಿ, "ನನ್ನ ಹೆಸರಿಗೆ ಮಾಡ್ಸಿಬಿಡಾಮು ಅಣ್ಣ, ನೀ ಬಂದ ಮ್ಯಾಲೆ ನಿನ್ನ ಹೆಸರಿಗೆ ಮಾಡ್ಕೊಂಡ್ರ ಆತು" ಅಂದ. ಬೇಡ ಅಂದೆ. 2024ರಲ್ಲಿ ಊರಿಗೆ ಬಂದಾಗ ಅದೇ ಸಾಲಿನ ಹೊಲಕ್ಕೆ ಎಕರೆಗೆ 20 ಲಕ್ಷ. ಐದು ಎಕರೆಗೆ 40 ಲಕ್ಷ ಹೆಚ್ಚು. ಕಟ್ಟೆಯವರ ಬಾಯಿಲೆಕ್ಕ ಇಲ್ಲಿಗೇ ಮುಗಿಯುತ್ತದೆ.

ಬೇಡ ಅಂದದ್ದು ತಮ್ಮನ ಮೇಲಿನ ಅಪನಂಬಿಕೆಯಿಂದಲ್ಲ. ಎನ್‌ಆರ್‌ಐ ಆದವನು ಹಿರಿಯರಿಂದ ಬಂದ ಹೊಲ ಇಟ್ಟುಕೊಳ್ಳಬಹುದು, ದುಡ್ಡು ಕೊಟ್ಟು ಕೃಷಿ ಭೂಮಿ ಕೊಳ್ಳುವಂತಿಲ್ಲ; ಇದು ವಿದೇಶಿ ವಿನಿಮಯದ ಕಾಯ್ದೆ, ಫೆಮಾ. ಅದಕ್ಕೇ ಗಲ್ಫಿನಲ್ಲಿರುವ ನಮ್ಮವರು ತಮ್ಮನ, ಭಾವಮೈದುನನ ಹೆಸರಲ್ಲಿ ಕೊಳ್ಳುತ್ತಾರೆ. ಆದರೆ 2016ರ ತಿದ್ದುಪಡಿಯ ನಂತರ ಬೇನಾಮಿ ಕಾಯ್ದೆ ಸುಮ್ಮನೆ ಕೂತಿಲ್ಲ. ಹೆಂಡತಿ, ಮಕ್ಕಳ ಹೆಸರಲ್ಲಿ ಕೊಂಡರೆ ವಿನಾಯಿತಿ ಇದೆ. ಅಣ್ಣತಮ್ಮಂದಿರ ಹೆಸರಲ್ಲಿ ಕೊಂಡರೂ ಇದೆ, ಆದರೆ ಕಾಗದದಲ್ಲಿ ದುಡ್ಡು ಕೊಟ್ಟವನ ಹೆಸರೂ ಜಂಟಿ ಮಾಲೀಕನಾಗಿ ಇರಬೇಕು. ಗಂಟು ಬೀಳುವುದು ಇಲ್ಲೇ: ಬೇನಾಮಿ ಅಲ್ಲ ಅನ್ನಿಸಿಕೊಳ್ಳಲು ಕಾಗದದಲ್ಲಿ ನನ್ನ ಹೆಸರು ಬೇಕು, ಫೆಮಾ ನನ್ನ ಹೆಸರು ಹಾಕಲು ಬಿಡುವುದಿಲ್ಲ. ಹೆಂಡತಿಯ ಹೆಸರಿಗೆ ಮಾಡೋಣವೆಂದರೆ ಅವಳೂ ಮಸ್ಕತ್‌ನಲ್ಲೇ ಇದ್ದಳು, ಅವಳೂ ಎನ್‌ಆರ್‌ಐ.

ಈಗ ಕಾದಿದ್ದಕ್ಕೆ ನಿಜವಾಗಿ ಎಷ್ಟು ಬಿತ್ತು ನೋಡೋಣ. 2017ರಲ್ಲಿ ಹೊಲಕ್ಕೆ ಬೇಕಿದ್ದ 60 ಲಕ್ಷ ಎನ್‌ಆರ್‌ಇ ಠೇವಣಿಯಲ್ಲಿತ್ತು. ನಡುವೆ ಬಡ್ಡಿ ಇಳಿಯಿತು, ಮತ್ತೆ ಏರಿತು. ಸರಾಸರಿ ಶೇ 6.25 ಸಿಕ್ಕಿತೆನ್ನಿ. ತೆರಿಗೆ ಇಲ್ಲ. ಏಳು ವರ್ಷ ಚಕ್ರಬಡ್ಡಿ ಹಾಕಿದರೆ 60 ಲಕ್ಷ 91 ಲಕ್ಷ 70 ಸಾವಿರ ಆಗುತ್ತದೆ. ಹೊಲದ ಬೆಲೆ ಒಂದು ಕೋಟಿ. ವ್ಯತ್ಯಾಸ 8 ಲಕ್ಷ 30 ಸಾವಿರ. ಆ ವರ್ಷಗಳ ಲೀಜು ತಪ್ಪಿತಲ್ಲ ಅಂತೀರಿ, ಅದನ್ನೂ ಹಾಕೋಣ. ಎಕರೆಗೆ ಆಗಿನ 15 ಸಾವಿರದಂತೆ ವರ್ಷಕ್ಕೆ 75 ಸಾವಿರ, ಏಳು ವರ್ಷಕ್ಕೆ 5 ಲಕ್ಷ 25 ಸಾವಿರ. ಒಟ್ಟು ಹದಿಮೂರುವರೆ ಲಕ್ಷ. 2018ರಿಂದ ತೆಲಂಗಾಣ ಸರ್ಕಾರ ಎಕರೆ ಲೆಕ್ಕದಲ್ಲಿ ಕೊಟ್ಟ ರೈತ ಬಂಧು ದುಡ್ಡು ಲೆಕ್ಕಕ್ಕಿಲ್ಲ, ಅದು ಪಟ್ಟಾದಾರನ ಖಾತೆಗೆ, ಅಂದರೆ ತಮ್ಮನಿಗೆ ಹೋಗುತ್ತಿತ್ತು. ಅವನಿಂದ ನನ್ನ ಹೆಸರಿಗೆ ಮಾಡಿಸುವಾಗ ಎರಡನೇ ಸಲ ತೆರಬೇಕಿದ್ದ ನೋಂದಣಿ ಖರ್ಚು ಉಳಿಯಿತು, ಅದನ್ನು ಕಳೆಯಿರಿ. ಕಟ್ಟೆಯವರ 40 ಲಕ್ಷ ಎಲ್ಲಿ, ಇದೆಲ್ಲಿ? ಸಣ್ಣ ಮೊತ್ತವೆಂದು ನಾನೂ ಹೇಳುವುದಿಲ್ಲ. ಆದರೆ ತಮ್ಮನ ಮಕ್ಕಳು ದೊಡ್ಡವರಾದ ಮೇಲೆ "ಹೊಲ ನಮ್ಮಪ್ಪನ ಹೆಸರಲ್ಲಿದೆ" ಅನ್ನುವ ಮಾತು ಮನೆಯೊಳಗೆ ಬಾರದಿರಲು ಕೊಟ್ಟ ದುಡ್ಡು ಅದು.

ನಾನು ಹೊರಟ 2004ರಲ್ಲಿ ನಮ್ಮೂರು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆ, ಮಾಗನೂರು ಮಂಡಲ. ಬರುವಷ್ಟರಲ್ಲಿ ತೆಲಂಗಾಣ, ನಾರಾಯಣಪೇಟೆ ಜಿಲ್ಲೆ, ಕೃಷ್ಣಾ ಮಂಡಲ. ಹೊಲ, ಹೊಳೆ, ಮನೆಮಾತು ಅವೇ. ಸರ್ಕಾರ, ಯೋಜನೆ, ಪೋರ್ಟಲ್ ಎಲ್ಲ ಹೊಸವು. ಪಟ್ಟಾದಾರ್ ಪಾಸ್‌ಬುಕ್ ತೆಲುಗಿನಲ್ಲಿರುತ್ತದೆ. ಕನ್ನಡ ಕಲಿತವನಿಗೆ ಆ ಲಿಪಿ ಅರ್ಧ ತಿಳಿಯುತ್ತದೆ, ಅರ್ಧ ತಿಳಿದವನೇ ಬೇಗ ರುಜು ಹಾಕುವುದು. ತೆಲುಗು ಬಲ್ಲ ವಕೀಲರಿಗೆ ಫೀಸು ಕೊಟ್ಟು ಸರ್ವೆ ನಂಬರ್ ಸಮೇತ ಓದಿಸಿದೆ.

ಕೊನೆಗೆ ಕೊಂಡದ್ದು ಐದಲ್ಲ, ಎರಡೇ ಎಕರೆ. ಕಾರಣ ಇನ್ನೊಂದು ಲೆಕ್ಕ. ಒಂದು ಕೋಟಿಯ ಐದು ಎಕರೆಗೆ ಈಗಿನ ಲೀಜು ಎಕರೆಗೆ 25 ಸಾವಿರದಂತೆ 1 ಲಕ್ಷ 25 ಸಾವಿರ. ರೈತ ಬಂಧುವಿನ ಜಾಗಕ್ಕೆ ಬಂದ ರೈತ ಭರೋಸಾ ಎಕರೆಗೆ ವರ್ಷಕ್ಕೆ 12 ಸಾವಿರದಂತೆ 60 ಸಾವಿರ, ಎರಡು ಹಂಗಾಮೂ ತಪ್ಪದೆ ಬಂದರೆ. ಒಟ್ಟು 1 ಲಕ್ಷ 85 ಸಾವಿರ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಟ್ಟರೆ ಶೇ 8.2ರಂತೆ ವರ್ಷಕ್ಕೆ 2 ಲಕ್ಷ 46 ಸಾವಿರ, ತೆರಿಗೆಗೆ ಮೊದಲು. ಮೂವತ್ತು ಲಕ್ಷದ ಮುಂದೆ ಒಂದು ಕೋಟಿ ಸೋಲುತ್ತದೆ! ಹೊಲದ ಬೆಲೆ ಏರುತ್ತದಲ್ಲ ಅನ್ನಬಹುದು. ಏರಲಿ, ಅಲ್ಲೇ ಇರಲು ಬಂದವನು ಅದನ್ನು ಮಾರುತ್ತಾನೆಯೇ? ಭರೋಸಾ ಬಿತ್ತುವವನಿಗೆ ಬಾರದೆ ಪಟ್ಟಾ ಇರುವ ನನಗೆ ಬರುವುದು ನನಗಂತೂ ಸರಿ ಕಾಣುವುದಿಲ್ಲ. ಹೊಲ ಮಾಡುತ್ತಿರುವವನು ತಮ್ಮನೇ, ಆದ್ದರಿಂದ ಲೀಜಿನಲ್ಲಿ ಅವನಿಗೆ ಅಷ್ಟು ಬಿಡುತ್ತೇನೆ.

ಇನ್ನು ಶ್ರೀಗಂಧದ ಪ್ಲಾಟು. ಮಸ್ಕತ್‌ನ ರೂವಿಯ ಹೋಟೆಲುಗಳಲ್ಲಿ ಊಟ ಹಾಕಿ ಮಾರುತ್ತಿದ್ದರು, ಈಗ ವಾಟ್ಸ್ಆ್ಯಪ್‌ನಲ್ಲಿ ಮಾರುತ್ತಾರೆ. ಹತ್ತು ಗುಂಟೆ, ಸುತ್ತ ಬೇಲಿ, ಗಿಡ ನಾವೇ ನೋಡಿಕೊಳ್ಳುತ್ತೇವೆ, ಹದಿನೈದು ವರ್ಷಕ್ಕೆ ಕೋಟಿ. ಎನ್‌ಆರ್‌ಐ ಕೊಳ್ಳುವಂತಿಲ್ಲವಲ್ಲ ಎಂದರೆ "ಪವರ್ ಆಫ್ ಅಟಾರ್ನಿ ಕೊಡಿ ಸಾಕು" ಅನ್ನುತ್ತಾರೆ. ಶ್ರೀಗಂಧ ಪಕ್ಕದ ಗಿಡದ ಬೇರಿಗೆ ಬೇರು ಕೊಟ್ಟು ಬದುಕುವ ಮರ. ಚೇಗು ಕಟ್ಟಲು ವರ್ಷಗಟ್ಟಲೆ ಬೇಕು, ಕಟ್ಟಿದ ಮೇಲೆ ಕಳ್ಳರ ಕಾಟ. ಅಲ್ಲಿಯವರೆಗೆ ಆ ಕಂಪನಿ ಇರುತ್ತದೋ ಇಲ್ಲವೋ ಎಂದು ಕೇಳಿದರೆ ಕರಪತ್ರದ ಇನ್ನೊಂದು ಪುಟ ತೋರಿಸುತ್ತಾರೆ. ಇದರ ಬಗ್ಗೆ ಇನ್ನು ಬರೆಯಲಾರೆ.

ಹೊರದೇಶದಿಂದ ಬಂದವನ ಕಿಸೆ ಊರಿಗೆಲ್ಲ ಕಾಣುತ್ತದೆ. ಮೊದಲ ವರ್ಷ ಕೈಗಡ ಕೊಡಬೇಡಿ, ಟ್ರ್ಯಾಕ್ಟರ್ ಕೊಳ್ಳಬೇಡಿ, ಜಾತ್ರೆಗೆ ಅಕ್ಕಪಕ್ಕದವರು ಬರೆದಷ್ಟೇ ಪಟ್ಟಿ ಬರೆಯಿರಿ. ಹಳ್ಳಿಯಲ್ಲಿ ಖರ್ಚು ಕಡಿಮೆ ಅನ್ನುವುದು ಹಳ್ಳಿಯಲ್ಲಿ ಇರದವರ ಮಾತು. ತರಕಾರಿ ಅಗ್ಗ, ನಿಜ. ಆದರೆ ಒಳ್ಳೆಯ ಡಾಕ್ಟರಿಗೆ ಹೊಳೆ ದಾಟಿ ರಾಯಚೂರಿಗೆ ಹೋಗಬೇಕು. ಪಟ್ಟಾ ಇದ್ದರೂ 59 ದಾಟಿದವನಿಗೆ ಸರ್ಕಾರದ ಜೀವವಿಮೆ ರೈತ ಬೀಮಾ ಇಲ್ಲ. ಗಲ್ಫಿನ ಕಂಪನಿ ಕೊಟ್ಟ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಇಲ್ಲಿ ಹೊಸದಾಗಿ ಮಾಡಿಸಿದರೆ ಮೊದಲೇ ಇರುವ ಸಕ್ಕರೆ, ಬಿಪಿಗೆ ಮೂರು ವರ್ಷದವರೆಗೂ ಕಾಯಿಸಬಹುದು. ಇನ್ನೂ ಅಲ್ಲೇ ಇರುವವರು ಆ ಪಾಲಿಸಿಯನ್ನು ಈಗಲೇ ಮಾಡಿಸಿದರೆ, ಕಾಯುವ ಮೂರು ವರ್ಷ ಅಲ್ಲಿನ ಸಂಬಳದಲ್ಲೇ ಕಳೆಯುತ್ತವೆ.