‘ಇಲ್ಲ’ ಮತ್ತು ‘ಕಾಣಲಿಲ್ಲ’: ಉದರದ ಸ್ಕ್ಯಾನ್ ವರದಿಯನ್ನು ಓದುವ ಬಗೆ

ಬರೆದುದನ್ನು ಬರೆದಷ್ಟೇ ಅರ್ಥದಲ್ಲಿ ಗ್ರಹಿಸುವುದು, ಹೆಚ್ಚನ್ನಾಗಲಿ ಕಡಿಮೆಯನ್ನಾಗಲಿ ಅದರಲ್ಲಿ ಆರೋಪಿಸದಿರುವುದು ಭಾಷಾಭ್ಯಾಸದ ಮುಖ್ಯ ಫಲ. ಈ ಶಿಸ್ತು ಕಾವ್ಯಕ್ಕೆ ಮಾತ್ರ ಸಲ್ಲುವಂಥದಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ಸ್ಕ್ಯಾನ್ ವರದಿಯೂ ಒಂದು ಗದ್ಯವೇ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಹಿರಿಯರು ಅದನ್ನು ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಟ್ಟು ‘ಏನಿದೆ, ಓದು’ ಎನ್ನುವುದುಂಟು. ಆದುದರಿಂದ ವಿದ್ಯಾರ್ಥಿಗಳು ಅದರ ಪದಾರ್ಥ, ವಾಕ್ಯಾರ್ಥಗಳನ್ನು ಅರಿತಿರುವುದು ಯುಕ್ತ. ಪಿತ್ತಕೋಶದ ಕಲ್ಲು ಮತ್ತು ಮೇದೋಜೀರಕ ಗ್ರಂಥಿಯ ಉರಿಯೂತ ಎಂಬೆರಡನ್ನು ಇಲ್ಲಿ ನಿದರ್ಶನವಾಗಿ ಎತ್ತಿಕೊಳ್ಳೋಣ.

ಪಿತ್ತಕೋಶವು ಯಕೃತ್ತಿನ ಕೆಳಮೈಗೆ ಅಂಟಿಕೊಂಡಿರುವ, ಸುಮಾರು 30ರಿಂದ 50 ಮಿಲಿಲೀಟರ್ ಪಿತ್ತರಸವನ್ನು ಹಿಡಿಯುವ ಚೀಲ. ಪ್ಯಾಂಕ್ರಿಯಾಸ್ ಎಂದು ವರದಿಯಲ್ಲಿ ಹೆಸರಿಸುವ ಮೇದೋಜೀರಕ ಗ್ರಂಥಿಯು ಜಠರದ ಹಿಂದೆ ಅಡ್ಡಲಾಗಿ ಮಲಗಿದೆ. ಇವೆರಡರ ನಾಳಗಳೂ ಸಾಮಾನ್ಯವಾಗಿ ಒಂದೇ ದ್ವಾರದಲ್ಲಿ ಸಣ್ಣ ಕರುಳನ್ನು ಸೇರುತ್ತವೆ. ಪಿತ್ತಕೋಶದಿಂದ ಜಾರಿದ ಕಿರಿಯ ಕಲ್ಲೊಂದು ಆ ದ್ವಾರದಲ್ಲಿ ಸಿಕ್ಕಿಕೊಂಡರೆ ಕಾಮಾಲೆಯೂ ಬರಬಹುದು, ಗ್ರಂಥಿಯೂ ಉರಿಯಬಹುದು. ಈ ಸಂಬಂಧವನ್ನು 1901ರಲ್ಲಿ ಅಮೆರಿಕದ ವೈದ್ಯ ಯೂಜೀನ್ ಓಪಿ ತೋರಿಸಿಕೊಟ್ಟರು.

ಸೆಕೆಂಡಿಗೆ 20,000 ಕಂಪನಗಳನ್ನು ಮೀರಿದ ಧ್ವನಿಯು ನಮ್ಮ ಕಿವಿಗೆ ಕೇಳಿಸದು. ಉದರದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬಳಸುವುದು ಸೆಕೆಂಡಿಗೆ ಸುಮಾರು 20ರಿಂದ 50 ಲಕ್ಷ ಕಂಪನಗಳ ಧ್ವನಿ. ಅದರ ಪ್ರತಿಧ್ವನಿಯೇ ಚಿತ್ರವಾಗುತ್ತದೆ. ಪ್ರತಿಧ್ವನಿ ಕೊಡದ ಪಿತ್ತರಸವು ಕಪ್ಪಾಗಿ ಕಾಣುವುದು; ಕಲ್ಲು ಬೆಳ್ಳಗೆ ಕಾಣುವುದು. ವರದಿಯಲ್ಲಿ ‘ಎಕೋಜೆನಿಕ್’ ಎಂದರೆ ಪ್ರತಿಧ್ವನಿ ಕೊಡುವಂಥದು ಎಂದರ್ಥ. ‘ಅಕೌಸ್ಟಿಕ್ ಶ್ಯಾಡೋ’ ಎಂದರೆ ಕಲ್ಲು ಧ್ವನಿಯನ್ನು ತಡೆದುದರಿಂದ ಅದರ ಹಿಂದೆ ಬಿದ್ದ ನೆರಳು. ರೋಗಿಯು ಮಗ್ಗುಲು ಬದಲಿಸಿದಾಗ ಕಲ್ಲು ಸಾಮಾನ್ಯವಾಗಿ ಉರುಳುತ್ತದೆ. ‘ಪಾಲಿಪ್’ ಎಂಬ ಗೋಡೆಯ ಕುಡಿ ಅಲುಗದು. ‘ಸ್ಲಡ್ಜ್’ ಎಂಬ ಗಸಿ ಸರಿಯುವುದು, ಆದರೆ ನೆರಳು ಬೀಳಿಸದು. ಆಹಾರ ಸೇವಿಸಿದರೆ ಪಿತ್ತಕೋಶವು ಕುಗ್ಗುವುದರಿಂದಲೇ ಪರೀಕ್ಷೆಗೆ ಮುನ್ನ ಆರೆಂಟು ಗಂಟೆ ಉಪವಾಸವನ್ನು ವಿಧಿಸುತ್ತಾರೆ.

ಮುಂದೆ ಅಳತೆಗಳು ಬರುತ್ತವೆ. ಪಿತ್ತಕೋಶದ ಗೋಡೆಯ ದಪ್ಪ 3 ಮಿಲಿಮೀಟರ್ ಮೀರಿದ್ದರೆ, ಸುತ್ತಲೂ ದ್ರವವಿದ್ದರೆ, ಪರೀಕ್ಷಕರು ಒತ್ತಿದಾಗ ಅಲ್ಲಿಯೇ ನೋವಾದರೆ, ಪಿತ್ತಕೋಶದ ಉರಿಯೂತವನ್ನು ಶಂಕಿಸಬೇಕು. ‘ಸಿ.ಬಿ.ಡಿ.’ ಎಂದರೆ ಮುಖ್ಯ ಪಿತ್ತನಾಳ. ಅದರ ಅಗಲ ಸಾಮಾನ್ಯವಾಗಿ 6 ಮಿಲಿಮೀಟರಿನೊಳಗೆ. ವೃದ್ಧರಲ್ಲಿಯೂ ಪಿತ್ತಕೋಶವನ್ನು ತೆಗೆಸಿಕೊಂಡವರಲ್ಲಿಯೂ ತುಸು ಹೆಚ್ಚಿರಬಹುದು. ‘ಡೈಲೇಟೆಡ್’ ಎಂದಿದ್ದರೆ ನಾಳ ಹಿಗ್ಗಿದೆ, ಕೆಳಗೆಲ್ಲೋ ತಡೆಯಿರಬಹುದು ಎಂದು ತಿಳಿಯತಕ್ಕದ್ದು.

ಇನ್ನು ಅತ್ಯಂತ ಎಚ್ಚರದಿಂದ ಓದಬೇಕಾದ ವಾಕ್ಯ: ‘ಪ್ಯಾಂಕ್ರಿಯಾಸ್ ಅಬ್‌ಸ್ಕ್ಯೂರ್ಡ್ ಬೈ ಬೊವೆಲ್ ಗ್ಯಾಸ್’. ಕರುಳಿನ ವಾಯು ಅಡ್ಡಬಂದು ಗ್ರಂಥಿಯು ಕಾಣಲಿಲ್ಲ ಎಂಬುದಷ್ಟೇ ಇದರ ಅರ್ಥ. ಗ್ರಂಥಿಯು ನಿರ್ದೋಷವಾಗಿದೆ ಎಂದಲ್ಲ. ನಮ್ಮ ಮೀಮಾಂಸಕರು ‘ಯೋಗ್ಯಾನುಪಲಬ್ಧಿ’ ಎಂದು ಹೇಳಿರುವುದು ಇಲ್ಲಿ ಸ್ಮರಣೀಯ. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲವೆನ್ನಬಹುದು. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ. ಪಿತ್ತಕೋಶದೊಳಗಿನ ಕಲ್ಲಿನ ವಿಷಯದಲ್ಲಿ ಅಲ್ಟ್ರಾಸೌಂಡ್ ಬೆಳಕಿನ ನೆಲ. ನಾಳದ ಕೆಳತುದಿಯ ಕಲ್ಲು ಮತ್ತು ಮೇದೋಜೀರಕ ಗ್ರಂಥಿಯ ವಿಷಯದಲ್ಲಿ ಅದು ಅನೇಕ ವೇಳೆ ಕತ್ತಲೆ. ಗ್ರಂಥಿ ಉರಿಯುವಾಗ ಕರುಳು ಉಬ್ಬಿ ವಾಯು ತುಂಬುವುದರಿಂದ, ನೋಡಲೇಬೇಕಾದ ಹೊತ್ತಿನಲ್ಲಿಯೇ ಅದು ಮರೆಯಾಗುವುದುಂಟು.

ಆದಕಾರಣ ವೈದ್ಯರು ಚಿತ್ರವೊಂದನ್ನೇ ನೆಚ್ಚುವುದಿಲ್ಲ. ಅಟ್ಲಾಂಟಾ ವರ್ಗೀಕರಣದ 2012ರ ಪರಿಷ್ಕರಣದಂತೆ, ಮೇಲುಹೊಟ್ಟೆಯ ವಿಶಿಷ್ಟವಾದ ತೀವ್ರ ನೋವು, ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟಿಗಾದರೂ ಏರಿರುವುದು, ಚಿತ್ರದಲ್ಲಿ ತಕ್ಕ ಲಕ್ಷಣ—ಈ ಮೂರರಲ್ಲಿ ಎರಡಿದ್ದರೆ ತೀವ್ರ ಉರಿಯೂತವು ನಿಶ್ಚಿತ. ಮೊದಲ ಎರಡು ಕೂಡಿದರೆ ಚಿತ್ರವು ಮೌನವಾಗಿದ್ದರೂ ರೋಗವುಂಟು. ಮೊದಲ ದಿನಗಳಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್ ಕೂಡ ಗ್ರಂಥಿಯ ಹಾನಿಯನ್ನು ಪೂರ್ಣವಾಗಿ ತೋರದಿರಬಹುದು. ನಾಳದ ಕಲ್ಲನ್ನು ಅರಸಲು ಎಂ.ಆರ್.ಸಿ.ಪಿ. ಪರೀಕ್ಷೆಯುಂಟು.

ಇದರ ವಿಪರ್ಯಾಸವೂ ತಿಳಿದಿರಲಿ. ‘ಕಲ್ಲಿದೆ’ ಎಂಬ ಮಾತೂ ಸರ್ವತ್ರ ಭಯಕಾರಕವಲ್ಲ. ನೋವಿಲ್ಲದೆ, ಅಕಸ್ಮಾತ್ ಕಂಡ ಪಿತ್ತಕೋಶದ ಕಲ್ಲು ಬಹುಮಂದಿಗೆ ಜೀವಮಾನವಿಡೀ ತೊಂದರೆ ಕೊಡದು. ಅಂಥವರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗದು. ಆದರೆ ಕಲ್ಲಿನಿಂದಲೇ ಒಮ್ಮೆ ಗ್ರಂಥಿ ಉರಿದಿದ್ದರೆ, ನೋವು ಶಮನವಾಯಿತೆಂದು ಪಿತ್ತಕೋಶವನ್ನು ತೆಗೆಸುವುದನ್ನು ಮುಂದೂಡುವುದು ಅಪಾಯಕರ, ಉರಿಯೂತವು ಮರುಕಳಿಸಬಹುದು.

ವಿದ್ಯಾರ್ಥಿಗಳೇ, ವರದಿಯನ್ನು ಓದಬಲ್ಲವನು ವೈದ್ಯನಾಗುವುದಿಲ್ಲ. ಆದರೆ ಬೆನ್ನಿಗೆ ಹಾಯುವ ಹೊಟ್ಟೆನೋವು, ನಿಲ್ಲದ ವಾಂತಿ, ಚಳಿಜ್ವರ, ಕಣ್ಣಿನ ಹಳದಿ ಇವು ಮನೆಯವರಲ್ಲಿ ಕಂಡಾಗ, ‘ಸ್ಕ್ಯಾನಿನಲ್ಲಿ ಏನೂ ಇಲ್ಲವಂತೆ’ ಎಂದು ಸುಮ್ಮನಿರದೆ, ‘ಏನೂ ಕಾಣಲಿಲ್ಲ ಎಂದಷ್ಟೇ ಬರೆದಿದೆ, ಈಗಲೇ ಆಸ್ಪತ್ರೆಗೆ ಹೋಗೋಣ’ ಎಂದು ಹೇಳಬಲ್ಲಿರಾದರೆ ನೀವು ಕಲಿತ ಭಾಷೆ ಸಾರ್ಥಕವಾದಂತೆ.