ನವಜಾತ ಶಿಶುವಿನ ರಕ್ತಪರೀಕ್ಷೆ: ಮೊದಲ ವರದಿಯನ್ನು ಎಷ್ಟು ನಂಬಬೇಕು?

ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ಲೆಕ್ಕ ನೋಡುವವನು. ಆದರೂ ಈ ವಿಷಯ ಬರೆಯಲು ಕಾರಣವುಂಟು. ಕೆಲವು ವರ್ಷಗಳ ಹಿಂದೆ, ಬಾಣಂತನಕ್ಕೆಂದು ಮುಂಬಯಿಯ ನಮ್ಮ ಮನೆಯಲ್ಲಿದ್ದ ತಂಗಿಯ ಕೂಸು ಐದನೆಯ ದಿನ ಹಾಲು ಕುಡಿಯುವುದನ್ನು ನಿಲ್ಲಿಸಿತು, ಅಂಗಾಲುಗಳು ತಣ್ಣಗಾದವು. ಆಸ್ಪತ್ರೆಯ ಮೊದಲ ರಕ್ತಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. “ಹಾಗಾದರೆ ಮನೆಗೆ ಕರೆದೊಯ್ಯಬಹುದಲ್ಲವೆ?” ಎಂದು ನಾನೇ ಕೇಳಿದೆ. ವೈದ್ಯರು ಒಪ್ಪದೆ ಔಷಧವನ್ನು ಆರಂಭಿಸಿದರು. ಮರುದಿನದ ವರದಿಯಲ್ಲಿ ಸೋಂಕು ಸ್ಪಷ್ಟವಾಯಿತು.

ರೋಗಾಣುಗಳು ರಕ್ತವನ್ನು ಸೇರಿ ದೇಹವನ್ನೆಲ್ಲ ಬಾಧಿಸುವ ಈ ಸ್ಥಿತಿಗೆ ಸೆಪ್ಸಿಸ್ ಎಂದು ಹೆಸರು. ಇದರ ಪತ್ತೆಗೆ ಮುಖ್ಯವಾಗಿ ಮೂರು ಪರೀಕ್ಷೆಗಳಿವೆ.

ಮೊದಲನೆಯದು ಬಿಳಿ ರಕ್ತಕಣಗಳ ಎಣಿಕೆ. ಹುಟ್ಟಿದ ಮೊದಲ ದಿನಗಳಲ್ಲಿ ಆರೋಗ್ಯವಂತ ಶಿಶುವಿನಲ್ಲಿಯೂ ಇದು ಬಹಳ ಏರಿಳಿಯುವುದರಿಂದ ಇದೊಂದನ್ನೇ ನಂಬಲಾಗದು.

ಎರಡನೆಯದು ಸಿ.ಆರ್.ಪಿ. ಯಕೃತ್ತಿನಲ್ಲಿ ತಯಾರಾಗುವ ಈ ಪ್ರೋಟೀನನ್ನು 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ವರದಿಮಾಡಿದರು. ಸೋಂಕು ತಗುಲಿದ ಬಳಿಕ ರಕ್ತದಲ್ಲಿ ಇದು ಏರಲು ಹಲವು ಗಂಟೆಗಳು ಬೇಕು. ಆದುದರಿಂದಲೇ ಪರೀಕ್ಷೆಯನ್ನು ಸುಮಾರು 24 ಗಂಟೆಗಳ ಬಳಿಕ ಮತ್ತೆ ಮಾಡುತ್ತಾರೆ. ಆಸ್ಪತ್ರೆಯಲ್ಲಿದ್ದ, ಹುಟ್ಟಿ ಮೂರು ದಿನ ಕಳೆದ ಶಿಶುಗಳ ಕುರಿತಾದ ಅಧ್ಯಯನಗಳನ್ನು ಕಾಕ್ರೇನ್ ಸಂಸ್ಥೆ 2019ರಲ್ಲಿ ಪರಿಶೀಲಿಸಿತು. ಶಂಕೆ ಹುಟ್ಟಿದಾಗ ಮಾಡಿದ ಮೊದಲ ಪರೀಕ್ಷೆಯು, ಸೋಂಕಿದ್ದ ಪ್ರತಿ 100 ಶಿಶುಗಳಲ್ಲಿ ಸುಮಾರು 62ನ್ನು ಮಾತ್ರ ಗುರುತಿಸಿತ್ತು. ಉಳಿದ 38ರ ವರದಿ ಸರಿಯಾಗಿಯೇ ಇದ್ದಿತು!

ಮೂರನೆಯದು ಬ್ಲಡ್ ಕಲ್ಚರ್. ಸುಮಾರು ಒಂದು ಮಿಲಿಲೀಟರ್ ರಕ್ತವನ್ನು ಪೋಷಕ ದ್ರವವಿರುವ ಸೀಸೆಗೆ ಹಾಕಿ, ರೋಗಾಣು ಬೆಳೆಯುವುದೋ ಎಂದು ಕಾಯುತ್ತಾರೆ. ಹೆಚ್ಚು ನಂಬಿಕೆಗೆ ಅರ್ಹವಾದುದು ಇದೇ. ಆದರೆ ಉತ್ತರಕ್ಕೆ ಸಾಮಾನ್ಯವಾಗಿ ಒಂದೆರಡು ದಿನ ಬೇಕು. ರಕ್ತ ಕಡಮೆಯಾದರೆ ಇದೂ ತಪ್ಪಬಹುದು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಯಾವ ಲೆಕ್ಕಿಗನೂ ಹೇಳಲಾರ. ವೈದ್ಯರ ರೀತಿಯೂ ಅದೇ. ಕಲ್ಚರಿಗೆ ರಕ್ತ ತೆಗೆದೊಡನೆ ಅವರು ಆಂಟಿಬಯೋಟಿಕ್ ಆರಂಭಿಸುತ್ತಾರೆ. ಏಕೆಂದರೆ ಸೋಂಕು ವರದಿಗಾಗಿ ಕಾಯುವುದಿಲ್ಲ. ಮುಂದೆ ಕಲ್ಚರಿನಲ್ಲಿ ಏನೂ ಬೆಳೆಯದೆ, ಸಿ.ಆರ್.ಪಿ. ಏರದೆ, ಮಗು ಚೆನ್ನಾಗಿದ್ದರೆ ಔಷಧವನ್ನು ನಿಲ್ಲಿಸುತ್ತಾರೆ. “ಏನೂ ಇಲ್ಲದ ಮಗುವಿಗೆ ಸುಮ್ಮನೆ ಇಂಜೆಕ್ಷನ್ ಕೊಟ್ಟರು” ಎಂದು ಆಗ ನಾವು ದೂರುವುದು ಸರಿಯಲ್ಲ.

ಊರಿನ ಹಿರಿಯರ ಆಸರೆಯಿಲ್ಲದೆ ಮಹಾನಗರದಲ್ಲಿ ಬಾಣಂತನ ನಡೆಸುವ ನಾವು ಕೆಲವು ಲಕ್ಷಣಗಳನ್ನು ನೆನಪಿಡಬೇಕು: ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದ ಮಂಪರು, ಜ್ವರ ಅಥವಾ ಮೈ ತಣ್ಣಗಾಗುವುದು, ನಿಮಿಷಕ್ಕೆ 60 ಅಥವಾ ಹೆಚ್ಚು ಬಾರಿ ಉಸಿರಾಡುವುದು, ಎದೆಗೂಡು ಒಳಸೇದುವುದು, ಫಿಟ್ಸ್. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಮೊದಲ ವರದಿ ಸರಿಯಿದೆಯೆಂದು ಮಗುವನ್ನು ಮನೆಗೆ ಕರೆತರಲು ಅವಸರಪಡಬಾರದು.

ಅಂದು ನಾನು ಮನೆಗೆ ಕರೆದೊಯ್ಯಲು ಹೊರಟಿದ್ದ ಆ ಕೂಸು ಇಂದು ಶಾಲೆಗೆ ಹೋಗುತ್ತಿದೆ.